ಹಳೇ ಆಕ್ಟೇವಿಯಾ ಆರ್‌ಎಸ್‌ಗೆ ಸಿಕ್ಕ ಡೈನೋ: ಮೂರೂವರೆ ವರ್ಷ, 31,000 ಕಿಲೋಮೀಟರ್ ಓಡಿಸಿದ ಮೇಲೆ

ನನ್ನದು 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಪೆಟ್ರೋಲ್, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪುಟ್ಟ ಪಂಪು ಇರುವಂಥದ್ದು. ಒಂದು ಸಿಲಿಂಡರಿಗೆ ಐದರಂತೆ ಇಪ್ಪತ್ತು ವಾಲ್ವ್. ಕಂಪನಿ ಲೆಕ್ಕದಲ್ಲಿ 150 ಎಚ್‌ಪಿ, 210 ಎನ್‌ಎಂ. 2016ರಲ್ಲಿ ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡೆ. ಮನೆ ಸುಂಟಿಕೊಪ್ಪದ ಹತ್ತಿರ. ವಾರಕ್ಕೆರಡು ಸಲ ಮಡಿಕೇರಿ, ತಿಂಗಳಿಗೊಂದು ಸಲವಾದರೂ ಸಂಪಾಜೆ ಘಾಟಿ ಇಳಿದು ಸುಳ್ಯ. ಅಂದರೆ ಈ ಕಾರು ಸಮತಟ್ಟಾದ ರಸ್ತೆ ಕಾಣುವುದೇ ಅಪರೂಪ.

ಈ ವಿಮರ್ಶೆ ಕಾರಿನದ್ದಲ್ಲ. ಅದನ್ನು ಡೈನೋ (ನಿಂತಲ್ಲೇ ರೋಲರ್ ಮೇಲೆ ಚಕ್ರ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ನಿಲ್ಲಿಸಿ ಟ್ಯೂನ್ ಮಾಡಿದವರದ್ದು, ಅಂದರೆ ಎಂಜಿನ್ನಿನ ಕಂಪ್ಯೂಟರ್ ಸೆಟ್ಟಿಂಗ್ ತಿದ್ದಿದವರದ್ದು. ಬೆಂಗಳೂರಿನ ಹೊರವಲಯದಲ್ಲಿ ಇಬ್ಬರೇ ಸೇರಿ ನಡೆಸುವ ಜಾಗ. ಹೆಸರು ಹಾಕಬೇಡಿ, ಈಗಿರುವ ಗಿರಾಕಿಗಳಿಗೇ ತಾರೀಕು ಕೊಡಲು ಆಗುತ್ತಿಲ್ಲ ಎಂದು ಅವರೇ ಕೇಳಿಕೊಂಡರು. ಹಾಗಾಗಿ ಹೆಸರು ಬಿಟ್ಟು, ಅವರು ಏನು ಮಾಡಿದರು ಅನ್ನುವುದನ್ನು ಬರೆಯುತ್ತೇನೆ. ನೀವು ಬೇರೆ ಕಡೆ ಹೋದರೂ ಇವನ್ನೇ ಕೇಳಬಹುದು.

ಇದಕ್ಕೂ ಮೊದಲು, 2021ರಲ್ಲಿ, ಬೇರೊಂದು ಕಡೆ ಹೋಗಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ಕಾರು ಒಳಗೆ, ಹನ್ನೆರಡೂವರೆಗೆ ಹೊರಗೆ. ಲ್ಯಾಪ್‌ಟಾಪ್ ಚುಚ್ಚಿದರು, ಫೈಲ್ ಹಾಕಿದರು, ರೋಲರ್ ಮೇಲೆ ಒಂದೇ ಒಂದು ಸಲ ಓಡಿಸಿದರು. ಮುಂದೆ ಒಂದು ಸಾಧಾರಣ ಪೆಡೆಸ್ಟಲ್ ಫ್ಯಾನ್ ಇತ್ತು. ಟ್ಯೂನ್ ಮಾಡುವ ಮೊದಲು ಎಷ್ಟಿತ್ತು ಎಂದು ಅಳೆಯಲೇ ಇಲ್ಲ. ಕೈಗೆ ಒಂದು ಹಾಳೆ ಕೊಟ್ಟರು: 168 ಎಚ್‌ಪಿ. ಖುಷಿಯಿಂದ ಮನೆಗೆ ಬಂದೆ. ಕುಶಾಲನಗರ ದಾಟಿ ಆನೆಕಾಡಿನ ಏರು ಶುರುವಾದ ಕೂಡಲೇ ಮೂರನೇ ಗೇರಿನಲ್ಲಿ ಕಾರು ತಡವರಿಸಿತು. ಒಂದು ಕ್ಷಣ ಎಳೆಯುತ್ತದೆ, ಒಂದು ಕ್ಷಣ ಬಿಡುತ್ತದೆ. ಫೋನ್ ಮಾಡಿದರೆ 'ಪೆಟ್ರೋಲ್ ಸರಿ ಇಲ್ಲ ಸರ್' ಅಂದರು. ಒಂದು ವರ್ಷ ಹಾಗೇ ಓಡಿಸಿದೆ.

ಆ 168ರ ಗುಟ್ಟು ಆಮೇಲೆ ಗೊತ್ತಾಯಿತು. ಹಾಳೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಡಿಐಎನ್ 1.13' ಎಂದಿತ್ತು. ಡಿಐಎನ್ ಅಂದರೆ ಜರ್ಮನ್ ಮಾನದಂಡ, 1.13 ಅಂದರೆ ಅಳತೆಯನ್ನು ಗುಣಿಸಿದ ಅಂಕಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ 1013 ಮಿಲಿಬಾರ್ ಇರುವುದಿಲ್ಲ, 910ರ ಆಸುಪಾಸು ಇರುತ್ತದೆ. ಟರ್ಬೊ ಇಲ್ಲದ ಎಂಜಿನ್ ಅಲ್ಲಿ ಅಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸಮುದ್ರಮಟ್ಟದಲ್ಲಿ ಎಷ್ಟು ಬರುತ್ತಿತ್ತು ಎಂದು ತಿಳಿಯಲು ಅಳತೆಯನ್ನು 1.1, 1.13ರಿಂದ ಗುಣಿಸುತ್ತಾರೆ. ಅದು ಸರಿಯೇ. ಆದರೆ ಟರ್ಬೊ ಕಾರಿನ ಕಥೆ ಬೇರೆ. ಗಾಳಿ ತೆಳುವಾದರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಟರ್ಬೊವನ್ನು ಇನ್ನೂ ಜೋರಾಗಿ ತಿರುಗಿಸಿ ಬಹುಪಾಲು ಸರಿದೂಗಿಸುತ್ತದೆ. ಆಗದೇ ಇರುವ ನಷ್ಟಕ್ಕೆ ಪರಿಹಾರ ಕೊಟ್ಟ ಹಾಗಾಯಿತು, ಅಲ್ವಾ? ನನ್ನ 168ನ್ನು 1.13ರಿಂದ ಭಾಗಿಸಿದರೆ 149. ಕಾರು ಹೊಸದಿದ್ದಾಗ ಕಂಪನಿ ಹೇಳಿದ್ದು 150.

ಕೊಡಗಿನಲ್ಲಿ ನಾನು ಕೇಳಿದವರ ಯಾರ ಹತ್ತಿರವೂ ರೋಲರ್ ಇರಲಿಲ್ಲ. ಗೋಣಿಕೊಪ್ಪದ ಕಡೆ ಆಟೋಕ್ರಾಸ್ (ಮಣ್ಣಿನ ಟ್ರ್ಯಾಕಿನ ರೇಸ್) ಓಡಿಸುವ ಹುಡುಗರನ್ನು ವಿಚಾರಿಸಿದೆ. ಅವರದ್ದೆಲ್ಲ ಜಿಪ್ಸಿ, ಟರ್ಬೊ ಇಲ್ಲ. ಆದರೆ ಅವರಲ್ಲೊಬ್ಬ ಈ ಜಾಗದ ನಂಬರ್ ಕೊಟ್ಟ. 'ಅಣ್ಣ, ಅಲ್ಲಿ ಫೋನ್ ಎತ್ತೋದೇ ಕಷ್ಟ. ಎತ್ತಿದ್ರೆ ಮಾತ್ರ ಬಿಡ್ಬೇಡಿ' ಅಂದ.

ನಾಲ್ಕನೇ ದಿನ ಎತ್ತಿದರು. ನಾನು ಎಷ್ಟು ಎಚ್‌ಪಿ ಬರುತ್ತದೆ ಎಂದು ಕೇಳಿದೆ. ಅವರು ಅದಕ್ಕೆ ಉತ್ತರ ಕೊಡದೆ ನನ್ನನ್ನೇ ಕೇಳತೊಡಗಿದರು. ಪ್ಲಗ್ ಯಾವಾಗ ಬದಲಿಸಿದ್ದು? ಇಗ್ನಿಷನ್ ಕಾಯಿಲ್ ಹಳೆಯವಾ? ಯಾವ ಪೆಟ್ರೋಲ್ ಹಾಕುತ್ತೀರಿ? ಟೈಮಿಂಗ್ ಬೆಲ್ಟ್ ಎಷ್ಟು ಕಿಲೋಮೀಟರ್ ಆಗಿದೆ? ಕೊನೆಗೆ ಕೇಳಿದ್ದು: 'ಕಾರು ಇರೋದು ಎಲ್ಲಿ ಸರ್? ಮಡಿಕೇರಿ ಎಷ್ಟು ಎತ್ತರ?' 1,150 ಮೀಟರ್ ಅಂದೆ. ಘಾಟಿ ಹತ್ತುವಾಗ ಯಾವ ಗೇರ್, ಎಷ್ಟು ಆರ್‌ಪಿಎಂ, ಎಷ್ಟು ಹೊತ್ತು ಅಂದರು. ಅಷ್ಟರಲ್ಲಿ ನಾನು ಅಲ್ಲಿಗೆ ಹೋಗುವುದು ನಿರ್ಧಾರವಾಗಿತ್ತು.

2022ರ ಮಾರ್ಚ್. ಕಾಫಿ ಕುಯ್ಲು ಮುಗಿದಿತ್ತು, ಹೂಮಳೆ ಬಿದ್ದಿತ್ತು, ತೋಟದಲ್ಲಿ ಎರಡು ದಿನ ಬಿಡುವು ಸಿಕ್ಕಿತು. ಹಿಂದಿನ ರಾತ್ರಿಯೇ ಬೆಂಗಳೂರಿನಲ್ಲಿ ಉಳಿದೆ. ಬೆಳಿಗ್ಗೆ ಕಾರು ಕೊಟ್ಟಾಗ ಅವರು ಮೊದಲು ಟೈರಿನ ಗಾಳಿ ನೋಡಿದರು. ಆಮೇಲೆ ಎಂಜಿನ್ ಆಯಿಲ್ ಕಡ್ಡಿ, ಕೂಲೆಂಟ್. ರೋಲರ್ ಮೇಲೆ ಹತ್ತಿಸಿ ಮುಂದೆ ಎರಡು, ಹಿಂದೆ ಎರಡು ಬೆಲ್ಟ್ ಕಟ್ಟಿದರು. ಕಟ್ಟಿ, ಕಾಲಿನಿಂದ ತುಳಿದು ನೋಡಿ, ಇನ್ನೊಂದು ಸುತ್ತು ಬಿಗಿದರು. ಸೊಂಟದೆತ್ತರದ ದೊಡ್ಡ ಬ್ಲೋವರ್ ಫ್ಯಾನನ್ನು ತಳ್ಳಿಕೊಂಡು ಬಂದು ಬಂಪರ್ ಮೂಲೆಗೆ ಸರಿಯಾಗಿ ತಿರುಗಿಸಿದರು. ಈ ಕಾರಿನ ಇಂಟರ್‌ಕೂಲರ್ (ಟರ್ಬೊದ ಬಿಸಿ ಗಾಳಿ ತಣಿಸುವ ಭಾಗ) ಇರುವುದು ನಡುವೆ ಅಲ್ಲ, ಚಕ್ರದ ಮುಂದಿನ ಮೂಲೆಯಲ್ಲಿ. ಹಿಂದಿನ ಜಾಗದಲ್ಲಿ ಫ್ಯಾನಿನ ಗಾಳಿ ಅಲ್ಲಿಗೆ ತಲುಪಿರಲೇ ಇಲ್ಲ.

ಇವರ ರೋಲರ್‌ಗೆ ಬ್ರೇಕ್ ಇದೆ. ಕೆಲವು ಡೈನೋಗಳಲ್ಲಿ ಭಾರದ ಡ್ರಮ್ ಮಾತ್ರ ಇರುತ್ತದೆ. ಕಾರು ಆ ಡ್ರಮ್ಮನ್ನು ಎಷ್ಟು ಬೇಗ ತಿರುಗಿಸಿತು ಎಂಬುದರಿಂದ ಶಕ್ತಿಯನ್ನು ಲೆಕ್ಕ ಹಾಕುತ್ತಾರೆ. ಓಟ ಕೆಲವೇ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಬ್ರೇಕ್ ಇರುವ ಡೈನೋದಲ್ಲಿ 3,000 ಆರ್‌ಪಿಎಂನಲ್ಲಿ ಭಾರ ಹಾಕಿ ಬೇಕಾದಷ್ಟು ಹೊತ್ತು ಹಿಡಿದಿಡಬಹುದು. ಘಾಟಿ ಹತ್ತುವುದು ಅಂದರೆ ಅದೇ ತಾನೇ. ನಮ್ಮ ಕಡೆಯವರು ಡೈನೋ ಹುಡುಕುವಾಗ ಮೊದಲು ಕೇಳಬೇಕಾದ್ದು ಇದು: ಲೋಡ್ ಹಿಡಿಯುತ್ತದಾ?

ಮೊದಲ ರನ್ 4,600 ಆರ್‌ಪಿಎಂನಲ್ಲೇ ನಿಂತಿತು. ಅವರೇ ಕಾಲು ತೆಗೆದರು. ಪರದೆ ತಿರುಗಿಸಿ ನನಗೆ ತೋರಿಸಿದರು. ಈ ಇಸಿಯುನಲ್ಲಿ 020 ಎಂಬ ಬ್ಲಾಕ್‌ನಲ್ಲಿ ನಾಲ್ಕು ಸಿಲಿಂಡರಿಗೂ ಬೇರೆ ಬೇರೆ ಅಂಕಿ ಬರುತ್ತದೆ. ನಾಕ್ (ಪೆಟ್ರೋಲ್ ತಾನಾಗಿಯೇ ಸಿಡಿದು ಎಂಜಿನ್ನಿಗೆ ಬಡಿಯುವುದು) ಆಗುತ್ತಿದೆ ಎಂದು ಕಿಡಿಯ ಟೈಮಿಂಗನ್ನು ಎಷ್ಟು ಡಿಗ್ರಿ ಹಿಂದಕ್ಕೆ ಎಳೆದಿದೆ ಎಂಬ ಲೆಕ್ಕ ಅದು. ಕಡಿಮೆ ಇದ್ದಷ್ಟೂ ಒಳ್ಳೆಯದು. ಮೂರನೇ ಸಿಲಿಂಡರ್ 9 ಡಿಗ್ರಿ ತೋರಿಸುತ್ತಿತ್ತು. ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಇಸಿಯು ಕೇಳಿದ್ದಕ್ಕಿಂತ ಕಡಿಮೆ ಬರುತ್ತಿತ್ತು. ಟರ್ಬೊ ಸುಮ್ನೆ ಹೆಚ್ಚು ತಿರುಗುತ್ತಿತ್ತು, ಗಾಳಿ ಎಲ್ಲೋ ಸೋರುತ್ತಿತ್ತು.

ಹೊಗೆ ಬಿಡುವ ಮಷೀನ್ ತಂದು ಇನ್‌ಟೇಕ್ ಪೈಪಿಗೆ ಸಿಕ್ಕಿಸಿದರು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಕೆಳಗಿನಿಂದ ಬಿಳಿ ಹೊಗೆ ಎಳೆಎಳೆಯಾಗಿ ಎದ್ದಿತು, ಒದ್ದೆ ಕಟ್ಟಿಗೆ ಇಟ್ಟ ಒಲೆಯ ಹಾಗೆ. ಅಲ್ಲಿ ಎಂಜಿನ್ನಿನ ಉಸಿರು ಹೋಗುವ ರಬ್ಬರ್ ಪೈಪುಗಳಿವೆ. ಅವರು ಕೈ ಹಾಕಿ ಒಂದನ್ನು ಹಿಡಿದರು, ಅದು ಬೆರಳಿನಲ್ಲೇ ಪುಡಿಯಾಯಿತು. ಆಕ್ಸಿಲರೇಟರ್ ಬಿಟ್ಟಾಗ ಟರ್ಬೊದ ಒತ್ತಡ ಇಳಿಸುವ ಡೈವರ್ಟರ್ ವಾಲ್ವ್‌ನ ಒಳಗಿನ ಪೊರೆಯೂ ಹರಿದಿತ್ತು. ಈ ಎಂಜಿನ್‌ನಲ್ಲಿ ಇವೆರಡೂ ಮಾಮೂಲಿ ರೋಗ. ಹದಿನೇಳು ವರ್ಷ ಬಿಸಿ ತಿಂದ ರಬ್ಬರ್ ಇನ್ನೆಷ್ಟು ದಿನ ತಡೆದೀತು?

ಹಳೇ ಟ್ಯೂನ್ ತೆಗೆದು, ನನ್ನ ಇಸಿಯು ನಂಬರಿಗೆ ಹೊಂದುವ ಕಂಪನಿ ಫೈಲ್ ವಾಪಸ್ ಹಾಕಿದರು. ಇನ್ನೊಂದು ರನ್ ಮಾಡಿದರು. ಚಕ್ರದಲ್ಲಿ 103 ಎಚ್‌ಪಿ. ಯಾವ ಗುಣಾಕಾರವೂ ಇಲ್ಲದ ಅಂಕಿ. ಕಂಪನಿಯ 150 ಎಂಜಿನ್ನಿನಲ್ಲಿ ಅಳೆದದ್ದು, ಚಕ್ರ ತಲುಪುವಷ್ಟರಲ್ಲಿ ಅದರಲ್ಲಿ ಸ್ವಲ್ಪ ಕಳೆದುಹೋಗುತ್ತದೆ. 'ಇವತ್ತು ಟ್ಯೂನ್ ಮಾಡಲ್ಲ ಸರ್. ಮೊದಲು ಇದನ್ನೆಲ್ಲ ಸರಿ ಮಾಡಿಸ್ಕೊಂಡು ಬನ್ನಿ' ಅಂದರು. ರನ್‌ಗಳಿಗೆ ಮತ್ತು ಹೊಗೆ ಪರೀಕ್ಷೆಗೆ ಸೇರಿ 4,000 ರೂಪಾಯಿ ತಗೊಂಡರು. 260 ಕಿಲೋಮೀಟರ್ ದೂರದಿಂದ ಬಂದು ಬರಿಗೈಯಲ್ಲಿ ಹೋಗುವುದು ಬೇಸರದ ಮಾತೇ. ಆದರೂ ಅವತ್ತು ವಾಪಸ್ ಓಡಿಸಿಕೊಂಡು ಬರುವಾಗ ನನಗೆ ಈ ಕಾರಿನ ಬಗ್ಗೆ ಆರು ವರ್ಷದಲ್ಲಿ ತಿಳಿಯದ್ದು ತಿಳಿದಿತ್ತು.

ಕುಶಾಲನಗರದ ನಮ್ಮ ಮೆಕ್ಯಾನಿಕ್ ಕಾಕಾ ಪೈಪು, ವಾಲ್ವ್, ಪ್ಲಗ್, ನಾಲ್ಕೂ ಕಾಯಿಲ್ ಬದಲಿಸಿದರು. ಬಿಡಿಭಾಗ ಬರಲು ಎರಡು ವಾರ ಹಿಡಿಯಿತು. ಮತ್ತೆ ಅದೇ ರೋಲರ್, ಅದೇ ಗೇರ್, ಅದೇ ಟೈರ್ ಗಾಳಿ: 117. ಟ್ಯೂನ್ ಇಲ್ಲದೆಯೇ 14 ಎಚ್‌ಪಿ ವಾಪಸ್ ಬಂದಿತ್ತು. ಸಂಜೆಯ ಹೊತ್ತಿಗೆ, ಟ್ಯೂನ್ ಮುಗಿದಾಗ, 143. ಇಡೀ ದಿನದ ಕೆಲಸಕ್ಕೆ 28,000 ರೂಪಾಯಿ.

ಇನ್ನೂ ಹೆಚ್ಚು ತೆಗೆಯಬಹುದಿತ್ತು, ಬೇಡ ಅಂದರು. ಕಾರಣ ನಮ್ಮ ಊರು. ಇದರ ಕೆ03 ಟರ್ಬೊ ಚಿಕ್ಕದು. ಸಂಪಾಜೆ ಬುಡದ ದಟ್ಟ ಗಾಳಿಯಲ್ಲಿ ಸುಲಭವಾಗಿ ಕೊಡುವ ಬೂಸ್ಟನ್ನು ಮಡಿಕೇರಿಯ ತೆಳು ಗಾಳಿಯಲ್ಲಿ ಕೊಡಬೇಕಾದರೆ ಇನ್ನೂ ವೇಗವಾಗಿ ತಿರುಗಬೇಕು. ಆಗ ಗಾಳಿ ಬಿಸಿಯಾಗುತ್ತದೆ, ನಾಕ್ ಶುರುವಾಗುತ್ತದೆ. ಹಾಗಾಗಿ 5,000ದ ಮೇಲೆ ಬೂಸ್ಟ್ ಇಳಿಸಿ, 2,300ರಿಂದ 4,000ದವರೆಗೆ ಎಳೆತ ತುಂಬಿಸಿದರು. ತಿರುವು ಮುಗಿಸಿ ಹೊರಗೆ ಬರುವಾಗ ನಮಗೆ ಬೇಕಾಗುವುದು ಅಲ್ಲೇ.

ರೋಲರ್ ಮೇಲೆ ಕೆಲಸ ಮುಗಿಯಲಿಲ್ಲ. ಕೇಬಲ್ ಕೊಟ್ಟು, ಘಾಟಿಯಲ್ಲಿ ಓಡುವಾಗಿನ ಅಂಕಿಗಳನ್ನು ಲಾಗ್ ಮಾಡಿ ಕಳಿಸಿ ಅಂದರು. ಭಾನುವಾರ ಬೆಳಿಗ್ಗೆ ಆರಕ್ಕೆ ಸಂಪಾಜೆಯಿಂದ ಹತ್ತಿದೆವು. ತಮ್ಮ ಪಕ್ಕದ ಸೀಟಿನಲ್ಲಿ, ತೊಡೆ ಮೇಲೆ ಲ್ಯಾಪ್‌ಟಾಪ್. ಎರಡನೇ ಗೇರ್, 4,500ರವರೆಗೆ ಮಾತ್ರ. 'ಅಣ್ಣ, ಮೂರನೇದು 5 ಡಿಗ್ರಿ' ಅಂದ ಮದೆನಾಡಿನ ಹತ್ತಿರ. ಫೈಲ್ ಕಳಿಸಿದೆ. ಎರಡು ದಿನಕ್ಕೆ ಟೈಮಿಂಗ್ ಸ್ವಲ್ಪ ಇಳಿಸಿದ ಹೊಸ ಫೈಲ್ ಬಂತು. ಮತ್ತೆ ಹತ್ತಿದೆವು: 2 ಡಿಗ್ರಿ. ಅದಾದ ಮೇಲೆ ಒಂದು ಸಲವೂ ಕಾರು ತಡವರಿಸಿಲ್ಲ. ಇದಕ್ಕೆ ಬೇರೆ ದುಡ್ಡು ತಗೊಳ್ಳಲಿಲ್ಲ.

ಈಗ 31,000 ಕಿಲೋಮೀಟರ್ ಆಗಿದೆ. ಮೈಲೇಜ್ ನಮ್ಮ ರಸ್ತೆಯಲ್ಲಿ ಲೀಟರಿಗೆ 10ರಿಂದ 11ಕ್ಕೆ ಬಂದಿದೆ. ಅದರಲ್ಲಿ ಹೆಚ್ಚಿನದು ಸೋರಿಕೆ ನಿಂತದ್ದರಿಂದ. ಟರ್ಬೊ ಇನ್ನೂ ಅದೇ. ಮಾಲಿನ್ಯ ತಪಾಸಣೆಯಲ್ಲಿ ಪ್ರತಿ ಸಲ ಪಾಸ್, ಏಕೆಂದರೆ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಲು ಅವರು ಒಪ್ಪುವುದಿಲ್ಲ. 19,000 ಕಿಲೋಮೀಟರಿಗೆ ಕ್ಲಚ್ ಜಾರತೊಡಗಿತು. ಹಳೇ ಕ್ಲಚ್ ಈ ಎಳೆತ ಜಾಸ್ತಿ ದಿನ ತಡೆಯುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದರು. ಆ ಖರ್ಚು 30,000 ದಾಟಿತು. ಟ್ಯೂನ್‌ಗೆ ದುಡ್ಡು ಎತ್ತಿಡುವವರು ಕ್ಲಚ್‌ಗೂ ಎತ್ತಿಡಿ.

ಬಂಕಿನಲ್ಲಿ ಇ20 (ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಇನ್ನೊಂದು ಸಲ ಹೋದೆ. ಎಥನಾಲ್‌ಗೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಒಂದು ಭಾಗ ಬರೀ ಪೆಟ್ರೋಲಿಗೆ 14.7 ಭಾಗ ಗಾಳಿಯಾದರೆ ಇ20ಗೆ ಸುಮಾರು 13.5. ನಿಧಾನವಾಗಿ ಓಡಿಸುವಾಗ ಇಸಿಯು ತಾನೇ ಸರಿ ಮಾಡಿಕೊಳ್ಳುತ್ತಿತ್ತು. ಪೂರ್ತಿ ಆಕ್ಸಿಲರೇಟರ್ ತುಳಿದಾಗ ಮಿಶ್ರಣ ತೆಳುವಾಗುತ್ತಿತ್ತು. ಅದನ್ನು ಸರಿಪಡಿಸಿದರು, ಹಳೇ ಇಂಧನ ಪೈಪುಗಳನ್ನು ಬದಲಿಸಲು ಹೇಳಿದರು. ಅವತ್ತಿನ ರನ್ 139. ಮೂರು ವರ್ಷದಲ್ಲಿ 4 ಎಚ್‌ಪಿ ಕಡಿಮೆ. ಅದನ್ನೂ ಮುಚ್ಚಿಡದೆ ಹಳೇ ಗ್ರಾಫ್ ಮೇಲೆಯೇ ಮುದ್ರಿಸಿ ಕೊಟ್ಟರು.

ಕೊರತೆಗಳೂ ಇವೆ. ಫೋನ್ ಎತ್ತುವುದಿಲ್ಲ. ತಾರೀಕಿಗೆ ಎರಡು ತಿಂಗಳು ಕಾಯಬೇಕು. ಭಾನುವಾರ ಬಾಗಿಲು ಮುಚ್ಚಿರುತ್ತದೆ, ಹಾಗಾಗಿ ನಮ್ಮಂಥ ದೂರದವರಿಗೆ ಕೆಲಸದ ದಿನ ಹಾಳಾಗುತ್ತದೆ. ಕೂರಲು ಒಂದು ಪ್ಲಾಸ್ಟಿಕ್ ಕುರ್ಚಿ ಬಿಟ್ಟರೆ ಏನೂ ಇಲ್ಲ. ಇನ್ನೊಂದು ಮಾತು ನೆನಪಿಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ರೂಪದಿಂದ ವಾಹನವನ್ನು ಬದಲಿಸುವಂತಿಲ್ಲ. ಟ್ಯೂನ್ ಮಾಡಿಸುವ ಮೊದಲು ಇದನ್ನೂ ನಿಮ್ಮ ವಿಮೆಯನ್ನೂ ಸರಿಯಾಗಿ ವಿಚಾರಿಸಿಕೊಳ್ಳಿ. ಕಂಪನಿ ಫೈಲ್ ಇವರ ಬಳಿ ಜೋಪಾನವಾಗಿದೆ, ಅರ್ಧ ಗಂಟೆಯಲ್ಲಿ ವಾಪಸ್ ಹಾಕಬಹುದು. ಬರೀ ಸೋರಿಕೆ ಪರೀಕ್ಷೆ ಮತ್ತು ಒಂದು ರನ್‌ಗೆ ಹೋದರೂ ಹಳೇ ಟರ್ಬೊ ಕಾರಿಗೆ ಅದು ದಂಡವಲ್ಲ. ನನ್ನ 103 ಹೇಗೆ 117 ಆಯಿತು ನೋಡಿದಿರಲ್ಲ.

ಟೈಮಿಂಗ್ ಬೆಲ್ಟ್ ಮತ್ತು ವಾಟರ್ ಪಂಪ್ ಬದಲಿಸುವ ಹೊತ್ತು ಬಂದಿದೆ. ಕಾಕಾ ಅದನ್ನು ಮುಗಿಸಿದ ಮೇಲೆ ಇನ್ನೊಂದು ರನ್ ಮಾಡಿಸಿ 139ರ ಪಕ್ಕದಲ್ಲಿಟ್ಟು ನೋಡಬೇಕು. ತಾರೀಕು ಸಿಕ್ಕಿದೆ: ಫೆಬ್ರವರಿ ಕೊನೆಯ ವಾರ, ಕಾಫಿ ಒಣಗಿಸಿ ಮೂಟೆ ಕಟ್ಟಿದ ಮೇಲೆ.