ಹನ್ನೆರಡು ಕಪ್ಪು ಗುಂಡು, ಇಪ್ಪತ್ತು ಬಿಳಿ ಗುಂಡು

ಶಹಾಪುರದಿಂದ ಜೇವರ್ಗಿ ಮಾರ್ಗದ ಬಸ್ ಹಿಡಿದು ಕಲಬುರಗಿಗೆ ಹೋದದ್ದು ಕಾಲೇಜಿಗೆ ಬ್ಯೂರೆಟ್ ತರಲು. ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದರ ಅಟ್ಟದ ಮೇಲೆ ದೂಳು ಹೊದ್ದು ಕುಳಿತಿದ್ದ, ಗುಂಡು ಕಡ್ಡಿ ಜೋಡಿಸಿ ಅಣುಗಳನ್ನು ಕಟ್ಟುವ ಅಣು ಮಾದರಿಯ ಪೆಟ್ಟಿಗೆ ಕಣ್ಣಿಗೆ ಬಿತ್ತು. ಮುದ್ರಿತ ಬೆಲೆ 520 ರೂಪಾಯಿ, ಚೌಕಾಸಿ ಮಾಡಿದ ಮೇಲೆ 480. ಅಂಗಡಿಯವರು ಬೇಸರಿಸದೆ ಪೆಟ್ಟಿಗೆ ಬಿಚ್ಚಿ ಎಣಿಸಲು ಬಿಟ್ಟರು. ತೂತೇ ಇಲ್ಲದ ಒಂದು ಬಿಳಿ ಗುಂಡನ್ನು ಬದಲಿಸಿಯೂ ಕೊಟ್ಟರು. ಅಂಗಡಿಯ ಬಗ್ಗೆ ಇಷ್ಟು ಸಾಕು.

ಒಳಗಿರುವುದು: ಕಾರ್ಬನ್‌ಗೆ ಕಪ್ಪು ಗುಂಡು ಹನ್ನೆರಡು, ಹೈಡ್ರೋಜನ್‌ಗೆ ಬಿಳಿಯವು ಇಪ್ಪತ್ತು, ಆಮ್ಲಜನಕದ ಕೆಂಪು ಆರು, ನೀಲಿ ನೈಟ್ರೋಜನ್ ಎರಡೇ ಎರಡು. ಮೂವತ್ತು ಕಡ್ಡಿ, ದ್ವಿಬಂಧಕ್ಕೆಂದು (ಎರಡು ಪರಮಾಣುಗಳ ನಡುವಿನ ಜೋಡಿ ಬಂಧ) ಬಾಗುವ ಆರು ಸ್ಪ್ರಿಂಗ್.

ಇಷ್ಟು ವರ್ಷ ನಾನು ಮೊದಲ ಪಿಯುಸಿ ಮಕ್ಕಳಿಂದ ಜೋಳದ ಹಿಟ್ಟಿನ ಉಂಡೆ, ಕಸಬರಿಗೆ ಕಡ್ಡಿಗಳಲ್ಲೇ ಮೀಥೇನ್ (ಒಂದು ಕಾರ್ಬನ್, ಸುತ್ತ ನಾಲ್ಕು ಹೈಡ್ರೋಜನ್) ಮಾಡಿಸುತ್ತಿದ್ದೆ. ನಾಲ್ಕು ಕಡ್ಡಿ ಚುಚ್ಚಿ ಎಂದರೆ ತಪ್ಪದೆ ಕೂಡು ಚಿಹ್ನೆಯಂತೆ ಚಪ್ಪಟೆಯಾಗಿ ಚುಚ್ಚುತ್ತಿದ್ದರು, ಕಪ್ಪು ಹಲಗೆಯ ಮೇಲೆ ನಾನೇ ಬರೆದಂತೆ. ಅವರನ್ನು ಬೈಯಲು ಮನಸ್ಸಾಗದು. 1865ರಲ್ಲಿ ಲಂಡನ್ನಿನಲ್ಲಿ ಹಾಫ್‌ಮನ್ ಎಂಬ ದೊಡ್ಡ ವಿಜ್ಞಾನಿ ಕ್ರೋಕೆ ಆಟದ ಚೆಂಡುಗಳಿಂದ ಸಭಿಕರೆದುರು ಕಟ್ಟಿ ತೋರಿಸಿದ ಮೀಥೇನ್ ಕೂಡ ಚಪ್ಪಟೆಯೇ ಆಗಿತ್ತು. ಅದಕ್ಕೆ ಮೂರನೆಯ ಆಯಾಮ ಕೊಡಲು 1874ರಲ್ಲಿ ವಾಂಟ್ ಹಾಫ್ ಮತ್ತು ಲೆ ಬೆಲ್ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಯೋಚಿಸಬೇಕಾಯಿತು.

ಈ ಪೆಟ್ಟಿಗೆಯಲ್ಲಿ ತಪ್ಪಲು ಅವಕಾಶವೇ ಇಲ್ಲ. ಕಾರ್ಬನ್ ಗುಂಡಿನ ನಾಲ್ಕು ತೂತುಗಳು 109.5 ಡಿಗ್ರಿ ಅಂತರದಲ್ಲಿ ಕೊರೆದಿವೆ. ಕಡ್ಡಿ ಸಿಕ್ಕಿಸಿದರೆ ಆಕಾರ ತಾನಾಗಿ ಬರುತ್ತದೆ. ಇದನ್ನು ಚತುರ್ಮುಖಿ ಎನ್ನುತ್ತಾರೆ ಎಂದಾಗ ಹಿಂದಿನ ಬೆಂಚಿನಿಂದ "ಬ್ರಹ್ಮನೇನು ಸರ್?" ಎಂದು ಕೇಳಿದ ಹುಡುಗನಿಗೇ ಆರು ಕಾರ್ಬನ್‌ಗಳ ಉಂಗುರ ಕಟ್ಟಲು ಹೇಳಿದೆ. ಸೈಕ್ಲೋಹೆಕ್ಸೇನ್ ಅವನ ಕೈಯಲ್ಲಿ ಎಷ್ಟು ಒತ್ತಿದರೂ ಚಪ್ಪಟೆಯಾಗಲೊಲ್ಲದೆ ಕುರ್ಚಿಯಾಗಿ ಕುಳಿತಿತು. ಹಲಗೆಯ ಮೇಲಿನ ಷಟ್ಕೋನವನ್ನು ಆಮೇಲೆ ಅವನು ಅನುಮಾನದಿಂದ ನೋಡತೊಡಗಿದ.

ಬ್ಯೂಟೇನಿನ ಎರಡೂ ಸಮಾಂಗಿಗಳನ್ನು, ಎಂದರೆ ಅವೇ ಪರಮಾಣುಗಳನ್ನು ಬೇರೆ ರೀತಿ ಜೋಡಿಸಿದ ಅಣುಗಳನ್ನು, ಪಕ್ಕಪಕ್ಕ ಇಡಬಹುದು. ಇಪ್ಪತ್ತು ಬಿಳಿ ಗುಂಡೂ ಅಲ್ಲಿಗೆ ಖಾಲಿ. ಪೆಂಟೇನಿನ ಮೂರನ್ನು ಒಟ್ಟಿಗೆ ಕಟ್ಟಲು ಗುಂಡು ಸಾಲದು, ಬೇಸರವಾಯಿತು. ನೇರ ಸರಪಳಿಯದು 36 ಡಿಗ್ರಿಯಲ್ಲಿ ಕುದಿದರೆ, ಒತ್ತೊತ್ತಾಗಿ ಮುದುಡಿದ ನಿಯೋಪೆಂಟೇನ್ ಸುಮಾರು 9.5ರಲ್ಲೇ ಕುದಿಯುತ್ತದೆ. ಆಕಾರ ಬದಲಾದರೆ ಗುಣ ಬದಲಾಗುವುದನ್ನು ಕೈಯಲ್ಲಿ ಹಿಡಿದು ತೋರಿಸುವ ಆಸೆಯಿತ್ತು. (ನಮ್ಮ ಮೇ ತಿಂಗಳ ಬಿಸಿಲಿಗೆ ಮೂರೂ ನೆರಳಲ್ಲೇ ಕುದ್ದು ಹಾರಿಹೋಗುತ್ತವೆ, ಆ ಮಾತು ಬೇರೆ.)

ಕೊಟ್ಟ ಹಣ ಸಾರ್ಥಕ ಅನಿಸಿದ್ದು ಲ್ಯಾಕ್ಟಿಕ್ ಆಮ್ಲದ ದಿನ. ಮೊಸರಿನ ಹುಳಿ ಅದೇ. ಒಂದು ಅಣು, ಅದರ ಕನ್ನಡಿ ಬಿಂಬ ಇನ್ನೊಂದು. ಆರು ಕೆಂಪು ಗುಂಡು ಸರಿಯಾಗಿ ಸಾಕಾದವು. ಒಂದರ ಮೇಲೊಂದು ಕೂರಿಸಲು ಹುಡುಗಿಯೊಬ್ಬಳು ಕಾಲು ಗಂಟೆ ತಿರುಗಿಸಿ ತಿರುಗಿಸಿ ಸೋತಳು. ಕೊನೆಗೆ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿದಂತೆ ಎಂದು ಅವಳೇ ಹೇಳಿದಳು. ಓಡಿ ದಣಿದ ಸ್ನಾಯುವಿನಲ್ಲಿ ಹುಟ್ಟುವುದು ಇವುಗಳಲ್ಲಿ ಒಂದೇ, ಮೊಸರಿನಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾದ ಮೇಲೆ ಹೋಗುತ್ತದೆ ಎಂದು ನಾನು ಸೇರಿಸಿದೆ.

ದ್ವಿಬಂಧದ ವಿಷಯದಲ್ಲಿ ಮಾತ್ರ ಪೆಟ್ಟಿಗೆ ಸುಳ್ಳು ಹೇಳುತ್ತದೆ. ಅದೇ ನಾಲ್ಕು ತೂತಿನ ಗುಂಡುಗಳ ನಡುವೆ ಎರಡು ಸ್ಪ್ರಿಂಗ್ ಬಗ್ಗಿಸಿ ಸಿಕ್ಕಿಸಬೇಕು. ಎರಡು ಕಾರ್ಬನ್‌ಗಳ ಎಥಿಲೀನ್ ತಿರುಗದೆ ಬಿಗಿಯಾಗಿ ನಿಲ್ಲುವುದು ನಿಜ. ಇಂಥ ಬಂಧದ ಎರಡು ತುದಿಯ ಗುಂಪುಗಳು ಒಂದೇ ಬದಿಗಿದ್ದರೆ ಸಿಸ್, ಎದುರು ಬದಿಗಿದ್ದರೆ ಟ್ರಾನ್ಸ್. ಆ ವ್ಯತ್ಯಾಸ ಒಂದೇ ನೋಟಕ್ಕೆ ತಿಳಿಯುತ್ತದೆ. ಆದರೆ 120 ಡಿಗ್ರಿಯ ಆಸುಪಾಸಿನಲ್ಲಿರಬೇಕಾದ ಕೋನ 109.5ರಲ್ಲೇ ಉಳಿಯುತ್ತದೆ, ದ್ವಿಬಂಧದೊಳಗಿನ ಎರಡು ಬೇರೆ ಬೇರೆ ಬಗೆಯ ಬಂಧಗಳಾದ ಸಿಗ್ಮಾ ಮತ್ತು ಪೈ ಅವಳಿ ಬಾಳೆಹಣ್ಣಿನಂತೆ ಒಂದೇ ಥರ ಕಾಣುತ್ತವೆ. ಮೂರು ತೂತಿನ ಗುಂಡು ನಾಲ್ಕನ್ನಾದರೂ ಕೊಡಬಾರದಿತ್ತೇ? ಆರು ಕಾರ್ಬನ್‌ಗಳ ಉಂಗುರವಾದ ಬೆಂಜೀನ್ ಕಟ್ಟಿದರೆ ಒಂದು ಬಿಟ್ಟು ಒಂದು ದ್ವಿಬಂಧ. ನಿಜದ ಬೆಂಜೀನಿನಲ್ಲಿ ಆರೂ ಬಂಧಗಳ ಉದ್ದ 139 ಪಿಕೋಮೀಟರ್, ಏಕಬಂಧದ 154ಕ್ಕೂ ದ್ವಿಬಂಧದ 134ಕ್ಕೂ ನಡುವೆ. ಇದನ್ನು ಬಾಯಿಯಲ್ಲೇ ಹೇಳಿ ತಿದ್ದಬೇಕು. ಕೈಪಿಡಿಯೂ ಬರೀ ಇಂಗ್ಲಿಷಿನಲ್ಲಿದೆ. ಕನ್ನಡ ಮಾಧ್ಯಮದಿಂದ ಬಂದ ನಮ್ಮ ಮಕ್ಕಳು ಅದನ್ನು ಮುಟ್ಟಲೂ ಇಲ್ಲ.

ಎರಡನೆಯ ತಿಂಗಳಲ್ಲಿ ಒಂದು ಸ್ಪ್ರಿಂಗ್ ಮುರಿಯಿತು. ಬೆಂಜೀನಿಗೆ ಆರೂ ಬೇಕು. ಬಿಡಿಯಾಗಿ ಸಿಗುವುದಿಲ್ಲ ಎಂದು ಅಂಗಡಿಯವರು ಫೋನಿನಲ್ಲಿ ಹೇಳಿದರು. ಬಸ್ ನಿಲ್ದಾಣದ ಎದುರಿನ ಸೈಕಲ್ ರಿಪೇರಿಯವನ ಬಳಿ ಐದು ರೂಪಾಯಿಗೆ ವಾಲ್ವ್ ಟ್ಯೂಬ್ ಕೊಂಡು, ತುಂಡು ಮಾಡಿ ಎರಡು ಕಡ್ಡಿಗಳ ನಡುವೆ ಸಿಕ್ಕಿಸಿದೆ. ಸ್ಪ್ರಿಂಗಿಗಿಂತ ಚೆನ್ನಾಗಿ ಬಾಗುತ್ತದೆ.