ಇಮ್ಯಾಜಿನ್‌ನೇಟಿವ್: ಕ್ಯಾಮೆರಾ ಅವರ ಕೈಯಲ್ಲೇ ಇರುವ ಸಿನಿಮಾ ಹಬ್ಬ

ಟೊರೊಂಟೊದಲ್ಲಿ ಸಿನಿಮಾ ಹಬ್ಬ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬರೋದು ಸೆಪ್ಟೆಂಬರ್‌ನ ಟಿಫ್, ಅಂದರೆ ಟೊರೊಂಟೊ ಅಂತಾರಾಷ್ಟ್ರೀಯ ಚಿತ್ರೋತ್ಸವ. ರೆಡ್ ಕಾರ್ಪೆಟ್, ಹಾಲಿವುಡ್ ನಟರು, ಕಿಂಗ್ ಸ್ಟ್ರೀಟ್ ತುಂಬ ಜನ. ಅದೇ ಕಿಂಗ್ ಸ್ಟ್ರೀಟ್‌ನಲ್ಲಿ, ಅದೇ ಟಿಫ್ ಲೈಟ್‌ಬಾಕ್ಸ್ ಕಟ್ಟಡದಲ್ಲಿ, ಜೂನ್ ಮೊದಲ ವಾರ ಇನ್ನೊಂದು ಹಬ್ಬ ನಡೆಯುತ್ತದೆ. ಹೆಸರು ಇಮ್ಯಾಜಿನ್‌ನೇಟಿವ್. ಜಗತ್ತಿನ ಮೂಲನಿವಾಸಿಗಳು ತಾವೇ ಮಾಡಿದ ಸಿನಿಮಾಗಳ ಹಬ್ಬ, ಈ ಬಗೆಯ ಹಬ್ಬಗಳಲ್ಲೇ ಅತಿ ದೊಡ್ಡದು. ನನ್ನ ಮಟ್ಟಿಗೆ ಈ ಊರಿನಲ್ಲಿ ವರ್ಷಕ್ಕೆ ಒಂದೇ ಸಿನಿಮಾ ಹಬ್ಬಕ್ಕೆ ಹೋಗೋದಾದರೆ ಇದಕ್ಕೇ ಹೋಗಬೇಕು. ಟೊರೊಂಟೊ ಪಕ್ಕದ ಮಿಸ್ಸಿಸಾಗಾ, ಬ್ರಾಂಪ್ಟನ್ ಊರುಗಳ ನಮ್ಮ ಜನ ಅಲ್ಲಿ ಬಹಳ ಕಡಿಮೆ ಕಾಣುತ್ತಾರೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

1998ರಲ್ಲಿ ಸಿಂಥಿಯಾ ಲಿಕರ್ಸ್-ಸೇಜ್ ಅನ್ನುವ ಕಲಾವಿದೆ ಮತ್ತು ವಿಟೇಪ್ ಅನ್ನುವ ವಿಡಿಯೊ ಕಲೆಯ ಸಂಸ್ಥೆ ಸೇರಿ ಇದನ್ನು ಹುಟ್ಟುಹಾಕಿದರು. ಮೊದಲ ಹಬ್ಬ ನಡೆದದ್ದು 2000ದಲ್ಲಿ. 2025ರ ಜೂನ್‌ನಲ್ಲಿ ನಡೆದದ್ದು 25ನೆಯದು. ಮೊದಲೆಲ್ಲ ಅಕ್ಟೋಬರ್‌ನಲ್ಲಿ ಇರುತ್ತಿತ್ತು, ಹಳೆಯ ಲೇಖನ ಓದಿಕೊಂಡು ಚಳಿ ಕೋಟು ಹಾಕಿಕೊಂಡು ಹೋಗಬೇಡಿ.

ಇಲ್ಲಿಗೆ ಸಿನಿಮಾ ಕಳಿಸೋಕೆ ಇರುವ ನಿಯಮ ಸರಳ. ಅದನ್ನು ಮಾಡಿದವರು, ಅಂದರೆ ನಿರ್ದೇಶಿಸಿದವರೋ ಬರೆದವರೋ ನಿರ್ಮಿಸಿದವರೋ, ಮೂಲನಿವಾಸಿಗಳಾಗಿರಬೇಕು. ಕಥೆ ಯಾವುದರ ಬಗ್ಗೆಯಾದರೂ ಇರಲಿ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಇಡೀ ಹಬ್ಬದ ಗುಣ ಇದರಿಂದಲೇ ಬಂದಿದೆ. 'ಬುಡಕಟ್ಟು ಜನರ ಬಗ್ಗೆ ಸಿನಿಮಾ' ಅಂದರೆ ನಮ್ಮ ತಲೆಗೆ ಬರೋದು ಏನು ಹೇಳಿ? ಹೊರಗಿನವರು ಯಾರೋ ಕ್ಯಾಮೆರಾ ಹಿಡಿದು ಹೋಗಿ ಮಾಡಿದ ಡಾಕ್ಯುಮೆಂಟರಿ, ಹಿನ್ನೆಲೆಯಲ್ಲಿ ಗಂಭೀರ ದನಿ, ಕೊನೆಗೆ ಅಯ್ಯೋ ಪಾಪ ಅನ್ನಿಸುವ ಒಂದು ಮುದುಕಿಯ ಮುಖ. ಇಲ್ಲಿ ಅದೆಲ್ಲ ಇಲ್ಲ. ಪ್ರೇಮಕಥೆ ಇದೆ, ದೆವ್ವದ ಕಥೆ ಇದೆ, ಸೈನ್ಸ್ ಫಿಕ್ಷನ್ ಇದೆ, ಎರಡು ನಿಮಿಷದ ಅನಿಮೇಷನ್ ಇದೆ, ಅಜ್ಜಿ ಮೊಮ್ಮಗಳು ಕಾರಿನಲ್ಲಿ ಕೂತು ಜಗಳ ಆಡುವಂಥ ಕಥೆಯೂ ಸಿಗುತ್ತದೆ.

ನನಗೆ ತುಂಬ ಇಷ್ಟವಾಗೋದು ಅಲ್ಲಿನ ನಗು. ಮೂಲನಿವಾಸಿಗಳು ತುಂಬಿದ ಹಾಲ್‌ನಲ್ಲಿ ಕೂತು ಅವರ ಸಿನಿಮಾ ನೋಡೋದೇ ಬೇರೆ ಅನುಭವ. ನಾವು ಹೊರಗಿನವರು ಮುಖ ಗಂಟು ಹಾಕಿಕೊಂಡು 'ಇದು ದುಃಖದ ದೃಶ್ಯ' ಅಂತ ಕೂತಿರುತ್ತೇವೆ, ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ನಾಲ್ಕು ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿರುತ್ತಾರೆ. ಬೇರೆಯವರ ಮನೆ ಮದುವೆಗೆ ಹೋದ ಹಾಗೆ. ಒಳಮಾತು ಪೂರ್ತಿ ಅರ್ಥ ಆಗೋದಿಲ್ಲ, ಆದರೂ ಪ್ರೀತಿಯಿಂದ ಪಂಕ್ತಿಯಲ್ಲಿ ಕೂರಿಸುತ್ತಾರೆ. ಈ ಸಿನಿಮಾಗಳನ್ನು ಅವರು ಮೊದಲು ತಮ್ಮವರಿಗಾಗಿ ಮಾಡಿದ್ದಾರೆ. ನಮಗಾಗಿ ನಿಲ್ಲಿಸಿ ವಿವರಿಸುವ ಗೋಜಿಗೆ ಹೋಗೋದಿಲ್ಲ. ಅದು ನನಗೆ ಗೌರವದ ರೀತಿ ಅನ್ನಿಸುತ್ತದೆ, ಅವರಿಗೂ ನಮಗೂ.

ಇದರ ಹಿಂದೆ ಎಷ್ಟು ವರ್ಷಗಳ ಹಟ ಇದೆ ಅಂತ ತಿಳಿಯೋಕೆ ಇಗ್ಲೂಲಿಕ್ ಕಥೆ ಗೊತ್ತಿರಬೇಕು. ಅದು ಕೆನಡಾದ ಉತ್ತರ ತುದಿಯಲ್ಲಿ, ನುನಾವುಟ್‌ನಲ್ಲಿರುವ ಇನ್ಯೂಟ್ ಜನರ ಒಂದು ಪುಟ್ಟ ಊರು. 1970ರ ದಶಕದಲ್ಲಿ ಸರ್ಕಾರ ಆ ಕಡೆಯ ಊರುಗಳಿಗೆಲ್ಲ ಟಿವಿ ತಂದಿತು. ಇಗ್ಲೂಲಿಕ್ ಜನ ಮತ ಹಾಕಿ ಬೇಡ ಅಂದರು. ಒಂದು ಸಲ ಅಲ್ಲ, ಎರಡು ಸಲ. ಟಿವಿಯಲ್ಲಿ ತಮ್ಮ ಇನುಕ್ಟಿಟುಟ್ ಭಾಷೆ ಇಲ್ಲದೆ ಬರೀ ಇಂಗ್ಲಿಷ್ ಬಂದರೆ ಮಕ್ಕಳ ಬಾಯಿಂದ ಭಾಷೆ ಹೋಗುತ್ತದೆ ಅನ್ನೋದು ಅವರ ಭಯ. 1983ರವರೆಗೂ ಊರಿಗೆ ಟಿವಿ ಬರಲಿಲ್ಲ. ಅದೇ ಊರಿನ ಜಕರಾಯಸ್ ಕುನುಕ್ ಅನ್ನುವ ಯುವಕ 1981ರಲ್ಲಿ ತಾನು ಕೆತ್ತಿದ ಕಲ್ಲಿನ ಶಿಲ್ಪಗಳನ್ನು ಮಾಂಟ್ರಿಯಲ್‌ಗೆ ತಂದು ಮಾರಿ, ಆ ದುಡ್ಡಿನಲ್ಲಿ ಒಂದು ವಿಡಿಯೊ ಕ್ಯಾಮೆರಾ ಕೊಂಡುಕೊಂಡು ವಾಪಸ್ ಹೋದ. ಮುಂದೆ ಗೆಳೆಯರ ಜೊತೆ ಸೇರಿ ಇಸುಮಾ ಅನ್ನುವ ಕಂಪನಿ ಕಟ್ಟಿದ. ಅವರು ಮಾಡಿದ 'ಅಟನಾರ್ಜುವಾಟ್' 2001ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಮೊದಲ ಸಿನಿಮಾಕ್ಕೆ ಕೊಡುವ ಕ್ಯಾಮೆರಾ ಡಿ'ಓರ್ ಗೆದ್ದಿತು. ಪೂರ್ತಿ ಇನುಕ್ಟಿಟುಟ್‌ನಲ್ಲಿ ಬಂದ ಮೊದಲ ಕಥಾಚಿತ್ರ ಅದು. ಟಿವಿ ಬೇಡ ಅಂದವರಿಗೆ ಸಿನಿಮಾ ಬೇಡವಾಗಿರಲಿಲ್ಲ ನೋಡಿ, ಅವರ ಮಾತು ಇಲ್ಲದ ಪೆಟ್ಟಿಗೆ ಬೇಡವಾಗಿತ್ತು ಅಷ್ಟೇ.

ಇನ್ನೊಬ್ಬರ ಹೆಸರು ಈ ಹಬ್ಬದಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅಲಾನಿಸ್ ಒಬೊಮ್ಸವಿನ್, ಅಬೆನಾಕಿ ಜನಾಂಗದವರು, 1932ರಲ್ಲಿ ಹುಟ್ಟಿದವರು. 1967ರಲ್ಲಿ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ ಸೇರಿ 50ಕ್ಕೂ ಹೆಚ್ಚು ಸಿನಿಮಾ ಮಾಡಿದ್ದಾರೆ. 1990ರಲ್ಲಿ ಕ್ವಿಬೆಕ್‌ನ ಓಕಾ ಊರಿನವರು ಗಾಲ್ಫ್ ಮೈದಾನ ದೊಡ್ಡದು ಮಾಡೋಕೆ ಹೊರಟರು. ಅದಕ್ಕೆ ಬೇಕಾದದ್ದು ಮೊಹಾಕ್ ಅನ್ನುವ ಮೂಲನಿವಾಸಿ ಜನರ ಪೈನ್ ಕಾಡು, ಪಕ್ಕದಲ್ಲೇ ಅವರ ಹಿರಿಯರನ್ನು ಹೂತ ಜಾಗ. ಮೊಹಾಕ್ ಜನ ರಸ್ತೆಗೆ ಅಡ್ಡ ಹಾಕಿ ಕೂತರು. ಪೊಲೀಸರು ಬಂದರು, ಆಮೇಲೆ ಸೇನೆಯೇ ಬಂತು. 78 ದಿನ ನಡೆಯಿತು. ಹೆಚ್ಚಿನ ಚಾನೆಲ್‌ಗಳ ಕ್ಯಾಮೆರಾಗಳು ಸೈನ್ಯದ ಕಡೆಯಿಂದ ನೋಡುತ್ತಿದ್ದಾಗ ಈಕೆ ತಡೆಗೋಡೆಯ ಒಳಗೆ ಮೊಹಾಕ್ ಜನರ ಜೊತೆ ಉಳಿದು ಶೂಟ್ ಮಾಡಿದರು. 1993ರಲ್ಲಿ ಬಂದ 'ಕನೆಸಟಾಕೆ: 270 ಇಯರ್ಸ್ ಆಫ್ ರೆಸಿಸ್ಟೆನ್ಸ್' ಅದರ ಫಲ. ಮುಳ್ಳುತಂತಿಯ ಯಾವ ಕಡೆ ಕ್ಯಾಮೆರಾ ನಿಂತಿದೆ ಅನ್ನೋದರ ಮೇಲೆ ಕಥೆ ಎಷ್ಟು ಬದಲಾಗುತ್ತದೆ ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕಷ್ಟದ ಸಿನಿಮಾಗಳೂ ಇರುತ್ತವೆ, ಮೊದಲೇ ಹೇಳಿಬಿಡುತ್ತೇನೆ. ಕೆನಡಾ ಸರ್ಕಾರ ಮತ್ತು ಚರ್ಚುಗಳು ಸೇರಿ ನಡೆಸಿದ ರೆಸಿಡೆನ್ಶಿಯಲ್ ಶಾಲೆಗಳ ವಿಷಯ ಬಂದೇ ಬರುತ್ತದೆ. 1,50,000ಕ್ಕೂ ಹೆಚ್ಚು ಮಕ್ಕಳನ್ನು ತಂದೆ ತಾಯಿಯಿಂದ ದೂರ ಮಾಡಿ ಅಲ್ಲಿ ಇಟ್ಟರು. ತಮ್ಮ ಭಾಷೆ ಮಾತಾಡಿದರೆ ಹೊಡೆಯುತ್ತಿದ್ದರು. ಎಷ್ಟೋ ಮಕ್ಕಳು ಮನೆಗೆ ವಾಪಸ್ ಬರಲೇ ಇಲ್ಲ. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ, ಅಂದರೆ ನಮ್ಮಲ್ಲಿ ಅನೇಕರು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಹಾಲ್‌ನಲ್ಲಿ ನಿಮ್ಮ ಪಕ್ಕ ಕೂತಿರುವ ಹಿರಿಯರು ಅಂಥ ಶಾಲೆಯಲ್ಲಿ ಬೆಳೆದವರೇ ಆಗಿರಬಹುದು. ಮಕ್ಕಳನ್ನು ಕರೆದುಕೊಂಡು ಹೋಗುವವರು ಕಾರ್ಯಕ್ರಮದ ವಿವರ ಓದಿ ಆರಿಸಿಕೊಳ್ಳಿ.

ಇದೇ ವಿಷಯವನ್ನು ಹೊಸ ಪೀಳಿಗೆಯವರು ಹೇಳುವ ರೀತಿ ನೋಡಿ. ಡಾನಿಸ್ ಗೂಲೆ ಅನ್ನುವ, ಕ್ರೀ ಮತ್ತು ಮೆಟೀ ಮೂಲನಿವಾಸಿ ಜನಾಂಗಗಳ ನಿರ್ದೇಶಕಿ, ಹಿಂದೆ ಇದೇ ಹಬ್ಬವನ್ನು ನಡೆಸಿದವರು, 2021ರಲ್ಲಿ 'ನೈಟ್ ರೇಡರ್ಸ್' ಮಾಡಿದರು. ಮುಂದೆಂದೋ ಬರುವ ಕಾಲ, ಮಿಲಿಟರಿ ಆಡಳಿತ, ಮಕ್ಕಳೆಲ್ಲ ಸರ್ಕಾರದ ಸ್ವತ್ತು, ಮಗಳನ್ನು ಬಿಡಿಸಿಕೊಂಡು ಬರೋಕೆ ಹೊರಟ ತಾಯಿ. ಸೈನ್ಸ್ ಫಿಕ್ಷನ್ ಅಂತ ಕೂತು ನೋಡುತ್ತೀರಿ, ಆದರೆ ಅದರಲ್ಲಿ ಆಗಿಹೋಗದೇ ಇದ್ದದ್ದು ತುಂಬ ಕಡಿಮೆ. ತೀರಿಹೋದ ಜೆಫ್ ಬಾರ್ನಬಿ 2019ರಲ್ಲಿ 'ಬ್ಲಡ್ ಕ್ವಾಂಟಮ್' ಅಂತ ಜಾಂಬಿ ಸಿನಿಮಾ ಮಾಡಿದ್ದರು. ಅದರಲ್ಲಿ ರೋಗ ಎಲ್ಲರಿಗೂ ಅಂಟುತ್ತದೆ, ಮೂಲನಿವಾಸಿಗಳಿಗೆ ಮಾತ್ರ ಅಂಟೋದಿಲ್ಲ. ಬಿಳಿಯರು ತಂದ ಸಿಡುಬಿನಲ್ಲಿ ಊರಿಗೆ ಊರೇ ಕಳೆದುಕೊಂಡ ಜನ ಬರೆದ ಕಥೆ ಅಂತ ನೆನಪಿಟ್ಟುಕೊಂಡು ನೋಡಿದರೆ ಮೈ ಜುಂ ಅನ್ನುತ್ತದೆ.

ಭಾಷೆಯ ಬಗ್ಗೆ ತಲೆ ಕೆಡಿಸಿಕೊಳ್ಳುವವರಿಗೆ ಇಲ್ಲಿ ಇನ್ನೂ ಜಾಸ್ತಿ ಸಿಗುತ್ತದೆ. ಕೆನಡಾದಲ್ಲಿ 70ಕ್ಕೂ ಹೆಚ್ಚು ಮೂಲನಿವಾಸಿ ಭಾಷೆಗಳಿವೆ. ಪಶ್ಚಿಮ ಕರಾವಳಿಯ ಹೈಡಾ ಭಾಷೆಯನ್ನು ಸರಾಗವಾಗಿ ಮಾತಾಡುವವರು 20 ಜನರಷ್ಟು ಉಳಿದಿದ್ದಾಗ, 2018ರಲ್ಲಿ, ಆ ಭಾಷೆಯಲ್ಲೇ ಒಂದು ಪೂರ್ಣ ಕಥಾಚಿತ್ರ ಬಂತು. ನಟರಿಗೇ ಭಾಷೆ ಬರುತ್ತಿರಲಿಲ್ಲ, ಶಿಬಿರ ಮಾಡಿ ಹಿರಿಯರಿಂದ ಕಲಿಸಿ ಆಮೇಲೆ ಶೂಟಿಂಗ್ ಮಾಡಿದರು. ತುಳು, ಕೊಡವ, ಬ್ಯಾರಿ ಸಿನಿಮಾ ಮಾಡುವ ನಮ್ಮ ಗೆಳೆಯರು ಈ ಹಬ್ಬಕ್ಕೆ ಒಮ್ಮೆಯಾದರೂ ಬರಬೇಕು ಅಂತ ನನಗೆ ಬಲವಾಗಿ ಅನ್ನಿಸೋದು ಇದಕ್ಕೇ.

ಈಗ ಹೋಗುವವರಿಗೆ ಕೆಲವು ಮಾತು. ಮೊದಲ ಸಲ ಹೋಗುವವರು ದೊಡ್ಡ ಸಿನಿಮಾ ಬಿಟ್ಟು ಕಿರುಚಿತ್ರಗಳ ಗುಚ್ಛಕ್ಕೆ ಟಿಕೆಟ್ ತಗೊಳ್ಳಿ. ಒಂದೇ ಕೂತಲ್ಲಿ ನ್ಯೂಜಿಲೆಂಡಿನ ಮಾವೊರಿ, ಉತ್ತರ ಯುರೋಪಿನ ಸಾಮಿ, ಆಸ್ಟ್ರೇಲಿಯಾ, ಅಮೆರಿಕ, ಎಲ್ಲ ಕಡೆಯವರ ಕೆಲಸ ಕಣ್ಣಿಗೆ ಬೀಳುತ್ತದೆ, ಒಂದು ಹಿಡಿಸದಿದ್ದರೆ ಹತ್ತು ನಿಮಿಷದಲ್ಲಿ ಮುಂದಿನದು ಬರುತ್ತದೆ, ಮತ್ತೆ ನನ್ನ ಅಭಿಪ್ರಾಯದಲ್ಲಿ ಇವರ ಧೈರ್ಯದ ಕೆಲಸ ಹೆಚ್ಚಾಗಿ ಇರೋದು ಕಿರುಚಿತ್ರಗಳಲ್ಲೇ. ಇಲ್ಲಿ ಗೆದ್ದ ಕಿರುಚಿತ್ರಕ್ಕೆ ಆಸ್ಕರ್ ಸ್ಪರ್ಧೆಗೆ ಹೋಗುವ ಅರ್ಹತೆಯೂ ಸಿಗುತ್ತದೆ. ಸಿನಿಮಾ ಮುಗಿದ ಮೇಲೆ ತಕ್ಷಣ ಎದ್ದು ಬರಬೇಡಿ. ಮಾಡಿದವರು ವೇದಿಕೆಗೆ ಬಂದು ಮಾತಾಡುತ್ತಾರೆ. ತಾನು ಯಾವ ಜನಾಂಗದವಳು, ಯಾವ ನದಿಯ ಕಡೆಯವಳು, ಯಾರ ಮೊಮ್ಮಗಳು ಅಂತ ಹೇಳಿಕೊಂಡು ಮಾತು ಶುರು ಮಾಡುತ್ತಾರೆ. ಸಭೆಯಲ್ಲಿ ಅವರ ಅತ್ತೆಯೋ ಚಿಕ್ಕಪ್ಪನೋ ಇರುತ್ತಾರೆ, ಅವರೂ ಕೂಗಿ ಮಾತಾಡುತ್ತಾರೆ.

ಸಿನಿಮಾ ಒಂದೇ ಅಲ್ಲ. ಗೇಮ್, ವಿಆರ್ (ವರ್ಚುವಲ್ ರಿಯಾಲಿಟಿ), ಧ್ವನಿ ಕೃತಿಗಳೂ ಇರುತ್ತವೆ. 401 ರಿಚ್ಮಂಡ್ ಅನ್ನುವ ಹಳೆಯ ಕಾರ್ಖಾನೆ ಕಟ್ಟಡ ಈಗ ಗ್ಯಾಲರಿಗಳಿಂದ ತುಂಬಿದೆ, ಅಲ್ಲಿ ಆರ್ಟ್ ಕ್ರಾಲ್ ಅಂತ ಮಾಡುತ್ತಾರೆ, ಒಂದು ಗ್ಯಾಲರಿಯಿಂದ ಇನ್ನೊಂದಕ್ಕೆ ನಡೆದುಕೊಂಡು ಹೋಗೋದು. ಸಮಯ ಇದ್ದರೆ ನೋಡಿ. ನಾನು ಸಿನಿಮಾದ ಕಡೆಯವನು, ವಿಆರ್ ಕನ್ನಡಕ ನನಗೆ ಅಷ್ಟು ಹಿಡಿಸೋದಿಲ್ಲ.

ಒಂದು ಕೊರತೆ ಅಂದರೆ ಎಲ್ಲವೂ ಒಂದೇ ವಾರದಲ್ಲಿ ತುರುಕಿಕೊಂಡಿರೋದು. ಎರಡು ಒಳ್ಳೆಯ ಕಾರ್ಯಕ್ರಮ ಒಂದೇ ಹೊತ್ತಿಗೆ ಬೀಳುತ್ತವೆ. ಆದರೆ ನನಗೆ ನಿಜವಾದ ಬೇಸರ ಇರೋದು ಹಬ್ಬದ ಮೇಲಲ್ಲ, ಅದು ಮುಗಿದ ಮೇಲೆ ಈ ಸಿನಿಮಾಗಳು ಎಲ್ಲೂ ಕಾಣದೇ ಹೋಗೋದರ ಮೇಲೆ. ನಮ್ಮ ಮನೆ ಹತ್ತಿರದ ಮಲ್ಟಿಪ್ಲೆಕ್ಸ್‌ನಲ್ಲಿ ಹಿಂದಿ, ತೆಲುಗು, ಪಂಜಾಬಿ ಸಿನಿಮಾ ಬರುತ್ತದೆ, ಒಳ್ಳೆಯದೇ. ಈ ನೆಲದವರ ಸಿನಿಮಾ ಮಾತ್ರ ಬರೋದಿಲ್ಲ. ಮಿಸ್ಸಿಸಾಗಾ ಅನ್ನುವ ಮೂಲನಿವಾಸಿ ಜನ ನಮ್ಮ ಕಡೆ ಹರಿಯುವ ಇದೇ ಕ್ರೆಡಿಟ್ ನದಿಯ ದಡದಲ್ಲಿದ್ದವರು, 1847ರಲ್ಲಿ ಇಲ್ಲಿಂದ ಎದ್ದು ಹ್ಯಾಗರ್ಸ್‌ವಿಲ್ ಅನ್ನುವ ಊರಿನ ಹತ್ತಿರ ಹೋಗಿ ನೆಲೆಸಬೇಕಾಯಿತು. ಅವರು ಬಿಟ್ಟುಹೋದ ಜಾಗದಲ್ಲಿ ನಾವು ಮನೆ ಕೊಂಡುಕೊಂಡು ಯುಗಾದಿ, ರಾಜ್ಯೋತ್ಸವ ಮಾಡುತ್ತಿದ್ದೇವೆ. ವರ್ಷಕ್ಕೆ ಒಂದು ಸಂಜೆ ಅವರ ಕಥೆ ಕೇಳೋಕೆ ಹೋಗೋದು ಜಾಸ್ತಿ ಏನೂ ಅಲ್ಲ, ಅಲ್ವಾ?

ಅಲ್ಲಿ ಕೂತಾಗ ನಮ್ಮ ಕಡೆಯದೂ ನೆನಪಾಗುತ್ತದೆ. ಕನ್ನಡ ಸಿನಿಮಾದಲ್ಲಿ ಕಾಡಿನ ಜನ ಅಂದರೆ ಎಷ್ಟು ವರ್ಷ ಏನು ತೋರಿಸಿದರು? ಮೈಗೆ ಸೊಪ್ಪು, ತಲೆಗೆ ಗರಿ, ಬೆಂಕಿಯ ಸುತ್ತ ಝಿಂಗಾಲಾಲಾ ಕುಣಿತ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಕಾಡಿನೊಳಗೇ ತಮ್ಮ ಅರಣ್ಯ ಹಕ್ಕು ಪಡೆದವರು. ನಾಗರಹೊಳೆಯಿಂದ ಹೊರಹಾಕಿಸಿಕೊಂಡ ಜೇನುಕುರುಬರು ಇನ್ನೂ ಹೋರಾಡುತ್ತಿದ್ದಾರೆ. ಆ ಕಥೆಗಳನ್ನು ಅವರೇ ಬರೆದು, ಅವರೇ ಶೂಟ್ ಮಾಡಿ, ಮೊದಲು ಹಾಡಿಯಲ್ಲಿ ಅವರವರೇ ಕೂತು ನೋಡಿ ನಗುವ ದಿನ ಬರಬೇಕು. ರಾಂಚಿಯಲ್ಲಿ ಕುರುಖ್ ಜನಾಂಗದ ಬಿಜು ಟೊಪ್ಪೊ 'ಅಖ್ರಾ' ಅನ್ನುವ ತಂಡದ ಜೊತೆ ಎಷ್ಟೋ ವರ್ಷಗಳಿಂದ ಇಂಥ ಕೆಲಸ ಮಾಡುತ್ತಿದ್ದಾರೆ. ನಮ್ಮಲ್ಲೂ ಆಗದ ಮಾತೇನಲ್ಲ. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು 1970ರ ದಶಕದಲ್ಲೇ ಊರವರನ್ನು ಕೂರಿಸಿ ಜಪಾನಿನ ಕುರೊಸಾವಾ ಸಿನಿಮಾ ತೋರಿಸಿದ್ದರು. ಆಗ ಬೇಕಾಗಿದ್ದ ಪ್ರೊಜೆಕ್ಟರು, ರೀಲು ಯಾವುದೂ ಈಗ ಬೇಡ. ಹಾಡಿಯ ಹುಡುಗರ ಕೈಯಲ್ಲೂ ಫೋನ್ ಇದೆ. ಕಲಿಸುವವರು, ದುಡ್ಡು ಹಾಕುವವರು, ಆಮೇಲೆ ಅವರ ಕೆಲಸಕ್ಕೆ ಅಡ್ಡ ಬರದೆ ಇರುವವರು ಬೇಕು. ಕೆನಡಾದಲ್ಲಿ ಇಂಡಿಜೆನಸ್ ಸ್ಕ್ರೀನ್ ಆಫೀಸ್ ಅಂತ ಒಂದು ಸಂಸ್ಥೆ ಇದೆ, ಮೂಲನಿವಾಸಿಗಳೇ ನಡೆಸುತ್ತಾರೆ, ದುಡ್ಡು ಯಾರಿಗೆ ಅಂತ ಅವರೇ ತೀರ್ಮಾನ ಮಾಡುತ್ತಾರೆ. ನಮ್ಮ ಅಕಾಡೆಮಿಗಳು ಈ ಒಂದನ್ನು ಮಾತ್ರ ನಕಲು ಮಾಡಿದರೂ ಸಾಕು.

ಬೆಂಗಳೂರು, ಮೈಸೂರಿನಲ್ಲಿ ಕೂತು ಓದುತ್ತಿರುವವರಿಗೂ ದಾರಿ ಇದೆ. ಒಬೊಮ್ಸವಿನ್ ಅವರ ಅನೇಕ ಸಿನಿಮಾಗಳು ನ್ಯಾಷನಲ್ ಫಿಲ್ಮ್ ಬೋರ್ಡ್ ವೆಬ್‌ಸೈಟಿನಲ್ಲಿ ಪುಕ್ಕಟೆ ಇವೆ, ಇನ್ಯೂಟ್ ಜನರ ವಿಡಿಯೊಗಳು ಇಸುಮಾ ಟಿವಿ ಸೈಟಿನಲ್ಲಿ ಸಿಗುತ್ತವೆ. ಕೆನಡಾದ ಬೇರೆ ಊರುಗಳಲ್ಲಿ ಇರುವವರು ಹಬ್ಬದ ಆನ್‌ಲೈನ್ ಭಾಗ ನೋಡಬಹುದು, ಹಾಲ್‌ನ ಪ್ರದರ್ಶನ ಮುಗಿದ ಮೇಲೆ ಶುರುವಾಗುತ್ತದೆ. ಟೊರೊಂಟೊದ ಆಸುಪಾಸಿನವರು ಮಾತ್ರ ದಯವಿಟ್ಟು ಆನ್‌ಲೈನ್ ಅಂತ ಮನೆಯಲ್ಲೇ ಕೂರಬೇಡಿ. ಸೇಂಟ್ ಆಂಡ್ರೂ ಸಬ್‌ವೇ ಇಳಿದು ಸ್ವಲ್ಪ ನಡೆದರೆ ಲೈಟ್‌ಬಾಕ್ಸ್. ಕಾರು ಬೇಡ, ಆ ಕಡೆ ಪಾರ್ಕಿಂಗ್‌ಗೆ ಟಿಕೆಟ್‌ಗಿಂತ ಜಾಸ್ತಿ ಆದರೂ ಆಗಬಹುದು.