ಜೀಪಿನ ಬ್ರೇಕ್ ಹೋಸ್: ಪೇಟೆ ರಬ್ಬರ್, ಸ್ಟೀಲ್ ಜಾಲರಿ, ಕಂಪನಿ ರಬ್ಬರ್

ಆಗುಂಬೆ ಘಾಟಿ ಇಳಿದು ಸೋಮೇಶ್ವರ ಮುಟ್ಟಿದಾಗ ಮುಂದಿನ ಎಡ ಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು. 14 ತಿರುವು ಬ್ರೇಕ್ ಒತ್ತಿಕೊಂಡೇ ಬಂದಿದ್ದೇನೆ, ಬಿಸಿ ಆಗಲೇಬೇಕಲ್ವಾ ಅಂದುಕೊಂಡೆ. ಆದರೆ ಬಲಗಡೆ ರಿಮ್ ಬರೀ ಬೆಚ್ಚಗಿತ್ತು. ಎಡಗಡೆಯದ್ದರ ಹತ್ತಿರ ಕೈ ತರಲೂ ಆಗುತ್ತಿರಲಿಲ್ಲ. ತಣಿಯುವವರೆಗೆ ಕಾದು ನಿಧಾನಕ್ಕೆ ಹೊರಟೆ. ಹೆಬ್ರಿ ದಾಟುವಷ್ಟರಲ್ಲಿ ಜೀಪು ಮತ್ತೆ ಎಡಕ್ಕೆ ಎಳೆಯತೊಡಗಿತು.

ಮರುದಿನ ಗ್ಯಾರೇಜಿನಲ್ಲಿ ಜಾಕಿ ಕೊಟ್ಟು ಎತ್ತಿ, ಒಮ್ಮೆ ಬ್ರೇಕ್ ಒತ್ತಿ ಬಿಟ್ಟೆವು. ಎಡ ಚಕ್ರ ಕೈಯಲ್ಲಿ ತಿರುಗಲೇ ಇಲ್ಲ. ಕಬ್ಬಿಣದ ಪೈಪಿನಿಂದ ಚಕ್ರದ ಬ್ರೇಕಿಗೆ ಆಯಿಲ್ ಒಯ್ಯುವ ಬಾಗುವ ಕೊಳವೆಯೇ ಹೋಸ್. ಮೆಕ್ಯಾನಿಕ್ ಅಣ್ಣ ಮೊದಲು ಅದರ ಮೇಲ್ತುದಿಯಲ್ಲಿ, ಕಬ್ಬಿಣದ ಪೈಪ್ ಬಂದು ಸೇರುವ ನಟ್ಟು ಸಡಿಲಿಸಿದರು. ಆಗಲೂ ಇಲ್ಲ. ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್‌ನ ಏರ್ ತೆಗೆಯುವ ನಿಪ್ಪಲ್ ಬಿಚ್ಚಿದ ಕೂಡಲೇ ಆಯಿಲ್ ಚುಯ್ಯೆಂದು ಚಿಮ್ಮಿತು, ಚಕ್ರ ಬಿಟ್ಟುಕೊಂಡಿತು. "ಹೊರಗಿಂದ ಚಂದ ಉಂಟು ಮಾರಾಯ್ರೆ, ಒಳಗೆ ಉಬ್ಬಿ ಮುಚ್ಚಿದೆ. ಒತ್ತಿದರೆ ಆಯಿಲ್ ಹೋಗ್ತದೆ, ವಾಪಸ್ ಬರುವುದಿಲ್ಲ" ಎಂದರು.

ಆ ಹೋಸ್ ನಾನೇ ಪೇಟೆಯಿಂದ ಕಡಿಮೆ ಬೆಲೆಗೆ ತಂದದ್ದು. ಹಾಕಿ ಎರಡೇ ಮಳೆಗಾಲ ಆಗಿತ್ತು. ಅದರ ಮೇಲೆ ತಯಾರಾದ ತಿಂಗಳಿಲ್ಲ, ಎಸ್‌ಎಇ ಜೆ1401 ಅಂತ ಬ್ರೇಕ್ ಹೋಸ್ ಗುಣಮಟ್ಟದ ಗುರುತೂ ಇಲ್ಲ. ಇನ್ನು ಅಂಥದ್ದನ್ನು ಮುಟ್ಟುವುದಿಲ್ಲ. ರಬ್ಬರ್ ಅಂಗಡಿಯ ಕಪಾಟಿನಲ್ಲಿ ಕೂತರೂ ಹಳತಾಗುತ್ತದೆ, ಆದ್ದರಿಂದ ತಾರೀಕು ಬೇಕೇ ಬೇಕು.

ಆ ಹೆದರಿಕೆಯಲ್ಲಿ ಸ್ಟೀಲ್ ಜಾಲರಿ ಹೋಸ್‌ಗೆ ಹೋದೆ. ಒಳಗೆ ಟೆಫ್ಲಾನ್ ಕೊಳವೆ, ಹೊರಗೆ ಹೆಣೆದ ಸ್ಟೀಲ್ ತಂತಿ. ಒತ್ತಡಕ್ಕೆ ರಬ್ಬರಿನಷ್ಟು ಉಬ್ಬುವುದಿಲ್ಲ. ಮೂರು ಹೋಸ್ ಹಾಕಿಸಿ ಮೊದಲ ಸಲ ಬ್ರೇಕ್ ಒತ್ತಿದಾಗ ಖುಷಿಯಾಯಿತು. ಪೆಡಲ್ ಗಟ್ಟಿ, ಅರ್ಧ ಒತ್ತಿದರೆ ಸಾಕು. ಇದೇ ಪರಿಹಾರ ಅಂತ ಸಿಕ್ಕಿದವರಿಗೆಲ್ಲ ಹೇಳಿದೆ.

ನಮ್ಮ ಮನೆ ಮಲ್ಪೆ ಕಡೆ. ಉಪ್ಪುಗಾಳಿ ವರ್ಷವಿಡೀ. ಜಾಲರಿಗೇನೂ ಆಗಲಿಲ್ಲ, ಆದರೆ ತುದಿಯ ನಟ್ಟುಗಳು ಸ್ಟೀಲ್ ಆಗಿರಲಿಲ್ಲ, ಬರೀ ಕಬ್ಬಿಣಕ್ಕೆ ಪಾಲಿಶ್. ಎರಡನೇ ವರ್ಷಕ್ಕೆ ಅವು ತುಕ್ಕು ಕಚ್ಚಿದವು. ನಾನು ತಂದದ್ದಕ್ಕೆ ಹೊರಗಡೆ ಪ್ಲಾಸ್ಟಿಕ್ ಹೊದಿಕೆ ಇರಲಿಲ್ಲ. ತೋಟದ ದಾರಿಯ ಕೆಂಪು ಮಣ್ಣು ಹೆಣಿಗೆಯೊಳಗೆ ಸೇರಿ ಸಿಮೆಂಟಿನ ಹಾಗೆ ಕೂತಿತು. ಹೋಸ್ ಬಗ್ಗಿಸಿದರೆ ಕರಕರ ಸದ್ದು. ಆ ಮರಳು ಒಳಗಿನ ಕೊಳವೆಯನ್ನು ಎಷ್ಟು ಉಜ್ಜಿದೆ ಅಂತ ಹೊರಗಿಂದ ಕಾಣುವುದೇ ಇಲ್ಲ. ಹಿಂದಿನ ಹೋಸ್ ಪಕ್ಕದ ಕಬ್ಬಿಣದ ಪೈಪಿಗೆ ತಾಗಿ ಅದರ ಪೇಂಟನ್ನು ಗರಗಸದ ಹಾಗೆ ಕೊರೆದು ಹೊಳೆಯುವ ಗೆರೆ ಮಾಡಿತ್ತು. ಆ ಗೆರೆ ನೋಡಿದ ದಿನವೇ ಬಿಚ್ಚಿಸಿದೆ.

ಈಗ ಮೂರೂ ಕಂಪನಿ ರಬ್ಬರ್, ಅಂದರೆ ಜೀಪಿನ ಕಂಪನಿಯದ್ದೇ ಹೋಸ್. ಬೆಲೆ ನಾನು ಕೊಂಡ ಸ್ಟೀಲ್ ಸೆಟ್ಟಿನ ಮೂರನೇ ಒಂದು ಭಾಗ. ಪೆಡಲ್ ಮೆತ್ತಗಾಗುತ್ತದೆ ಅಂದುಕೊಂಡಿದ್ದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಹಾಕಿ ಸರಿಯಾಗಿ ಏರ್ ತೆಗೆದ ಮೇಲೆ ವ್ಯತ್ಯಾಸ ಕಾಲಿಗೆ ಗೊತ್ತಾಗುವುದೇ ಕಷ್ಟ. ಸ್ಟೀಲ್ ಹಾಕಿದ ದಿನದ ಖುಷಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಸ ಆಯಿಲ್‌ನದ್ದೇ ಆಗಿತ್ತು! ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಹೊಸದಿರುವಾಗ 230 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ನಮ್ಮ ಕರಾವಳಿಯಂಥ ಊರಿನಲ್ಲಿ ಇದನ್ನು ಮರೆತು ಘಾಟಿಗೆ ಹೋಗಬಾರದು.

ರಬ್ಬರ್ ನನಗೆ ಇಷ್ಟವಾಗಲು ಮುಖ್ಯ ಕಾರಣ, ಅದರ ವಯಸ್ಸು ಹೊರಗಿಂದಲೂ ಸುಮಾರಾಗಿ ಕಾಣುತ್ತದೆ. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಸ್ಟೇರಿಂಗ್ ಪೂರ್ತಿ ತಿರುಗಿಸಿ ಟಾರ್ಚ್ ಹಿಡಿದು ಕೂರುತ್ತೇನೆ. ಹೋಸ್ ಬಗ್ಗಿಸಿ, ಲೋಹದ ತುದಿ ಕಚ್ಚಿರುವ ಜಾಗದಲ್ಲಿ ಉಗುರಿನಿಂದ ಸವರಿದರೆ ಸಣ್ಣ ಬಿರುಕೂ ಸಿಗುತ್ತದೆ. ಇನ್ನೊಬ್ಬರು ಬ್ರೇಕ್ ಜೋರಾಗಿ ಒತ್ತಿ ಹಿಡಿದಾಗ ಎಲ್ಲಾದರೂ ಗುಳ್ಳೆ ಎದ್ದರೆ, ಒದ್ದೆ ಕಂಡರೆ, ಅವತ್ತೇ ಬದಲು. ಒಳಗಿನ ಬ್ಲಾಕ್ ಮಾತ್ರ ಹೀಗೆ ಸಿಗುವುದಿಲ್ಲ. ಅದಕ್ಕೆ ಓಡಿಸಿ ಬಂದ ಮೇಲೆ ನಾಲ್ಕೂ ಚಕ್ರದ ಬಿಸಿ ಹೋಲಿಸಿ ನೋಡಬೇಕು.

ಬದಲಿಸುವಾಗ ಮೂರು ವಿಷಯಕ್ಕೆ ನಾನು ಹಟ ಹಿಡಿಯುತ್ತೇನೆ. ತಾಮ್ರದ ವಾಷರ್ ಹೊಸದೇ ಆಗಬೇಕು. ಹೋಸ್ ಮೇಲಿನ ಉದ್ದ ಗೆರೆ ನೇರವಾಗಿರಬೇಕು, ತಿರುಚಿಕೊಂಡಿದ್ದರೆ ಬಿಚ್ಚಿ ಮತ್ತೆ ಹಾಕಬೇಕು. ಆಯಿಲ್ ಸೋರದಿರಲಿ ಅಂತ ಹೋಸನ್ನು ಇಕ್ಕಳದಲ್ಲಿ ಒತ್ತಿ ಹಿಡಿಯಬಾರದು, ಒಳಪದರ ಹಾಳಾಗುತ್ತದೆ.

ಮಣಿಪಾಲದ ಗೆಳೆಯನ ಕತೆ ಬೇರೆ. ಅವನು ಸ್ಪ್ರಿಂಗ್ ಪಟ್ಟಿಗಳ ಪ್ಲೇಟ್ ಸೆಟ್ ಬದಲಿಸಿ ಜೀಪು ಎತ್ತರಿಸಿದ್ದಾನೆ. ಚಾಸಿಗೆ ಜಾಕಿ ಕೊಟ್ಟು ಚಕ್ರ ನೇತಾಡಲು ಬಿಟ್ಟರೆ ಕಂಪನಿ ಹೋಸ್ ವೀಣೆಯ ತಂತಿಯ ಹಾಗೆ ಬಿಗಿಯಾಗುತ್ತಿತ್ತು. ಹೊಂಡಕ್ಕೆ ಒಂದು ಚಕ್ರ ಇಳಿದರೆ ಕಿತ್ತೇ ಹೋಗುತ್ತದೆ. ಅವನಿಗೆ ನಾನೇ ಹೊದಿಕೆ ಇರುವ, ತುದಿಯೂ ಸ್ಟೀಲ್ ಆಗಿರುವ ಜಾಲರಿ ಹೋಸ್ ಮಾಡಿಸು ಎಂದೆ. ಅಳತೆಯನ್ನು ಚಕ್ರ ನೇತಾಡುವಾಗಲೇ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ತೆಗೆದೆವು.